ನಾರ್ಮಂಡಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು

ಕಟ್ಟುತ್ತಿರುವ ಮನೆಯ ಮುಂದೆ ನೆಂದ ಮರಳಿನ ರಾಶಿ ಕಂಡರೆ, ಅದರ ತಣ್ಣಗಿನ, ಕೆಸರು ಬೆರೆತ ವಾಸನೆ ಮೂಗಿಗೆ ಬಡಿದರೆ, ನನಗೆ ಈಗಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ. ನಮ್ಮ ಜಯನಗರ ಆಗಿನ್ನೂ ಅರ್ಧ ಹೊಲ, ಅರ್ಧ ಅಡಿಪಾಯ. ಪಕ್ಕದ ಮನೆಯ ಪಾಸ್ಕಲ್ ಅಂಕಲ್ ಮಂಗಳೂರಿನ ಕಡೆಯವರು, ಯುದ್ಧದ ಕಾಲದಲ್ಲಿ ಬ್ರಿಟಿಷರ ಸರಕು ಹಡಗಿನಲ್ಲಿದ್ದವರು. ನಮ್ಮಪ್ಪ ಅದೇ ಯುದ್ಧದಲ್ಲಿ ಇಟಲಿಯ ನದಿಗಳಿಗೆ ಸೇತುವೆ ಕಟ್ಟಿದ ಪಡೆಯ ಹವಾಲ್ದಾರ. ಎರಡು ಮನೆಗಳೂ ಈಗಿಲ್ಲ. ಆ ಜಾಗದಲ್ಲಿ ಎದ್ದಿರುವ ಕಟ್ಟಡದ ಮುಂದೆ ನಿಂತರೆ ನಮ್ಮ ಗೋಡೆ ಎಲ್ಲಿತ್ತು, ಅವರದ್ದೆಲ್ಲಿ ಎಂದು ನನಗೇ ಹೊಳೆಯುವುದಿಲ್ಲ. ನಿಮಗೂ ಅಂಥದ್ದೊಂದು ಬೀದಿ ಇದ್ದೀತು.

ಭಾನುವಾರ ಊಟವಾದ ಮೇಲೆ ಎದುರಿನ ಸೈಟಿನ ಮರಳಿನಲ್ಲಿ ಪಾಸ್ಕಲ್ ಅಂಕಲ್, ತಮ್ಮ ಹಡಗೂ ಸೇರಿ ಮಿತ್ರಪಡೆ ಬಂದು ಮುಟ್ಟಿದ ಫ್ರಾನ್ಸಿನ ನಾರ್ಮಂಡಿಯ ದಂಡೆ ಮಾಡುತ್ತಿದ್ದರು. ಖಾಲಿ ಬೆಂಕಿಪೊಟ್ಟಣಗಳೇ ದೋಣಿಗಳು. "ಸಮುದ್ರವೇ ಕಾಣ್ತಿರ್ಲಿಲ್ಲ ಮಾರಾಯ್ರೆ, ಬರೀ ಹಡಗು!" ಎಂದು ಅವರು ಕೈ ಚಾಚಿದರೆ ಬೀದಿಯ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಪ್ಪನೂ. ಮನೆಯಲ್ಲಿ ನಾನು ಯುದ್ಧದ ಮಾತೆತ್ತಿದರೆ "ಹೋಗಿ ಓದ್ಕೊ" ಎನ್ನುತ್ತಿದ್ದ ಮನುಷ್ಯ ಅಲ್ಲಿ ಸೈಜುಗಲ್ಲಿನ ಮೇಲೆ ಕೂತು ಮಾತಾಡಿದ್ದೇ ಮಾತಾಡಿದ್ದು. "ಅವತ್ತು ಇವ್ರು ಅಲ್ಲಿ ಇಳೀದೇ ಹೋಗಿದ್ರೆ ನಾನು ಇಟಲಿ ಬೆಟ್ಟದಲ್ಲೇ ಮುದುಕ ಆಗಿರ್ತಿದ್ದೆ. ಪೂರ್ವಕ್ಕೆ ರಷ್ಯಾದವ್ರು, ದಕ್ಷಿಣಕ್ಕೆ ನಾವು. ಪಶ್ಚಿಮದ ಬಾಗಿಲೂ ಒಡೆದ ಮೇಲೆ ತಾನೇ ಜರ್ಮನ್ನರಿಗೆ ಉಸಿರು ಕಟ್ಟಿದ್ದು!" ಒಮ್ಮೆ ರಾಶಿಯ ಇನ್ನೊಂದು ತುದಿಯಲ್ಲಿ ಕಲ್ಲೊಂದನ್ನಿಟ್ಟು, "ಇದು ನಾವು. ರೋಮ್ ಹಿಡಿದ ಎರಡನೇ ದಿನಕ್ಕೆ ಇವ್ರು ಇಳಿದ್ರು. ಪೇಪರ್‌ನೋರು ನಮ್ಮನ್ನ ಮರೆತೇಬಿಟ್ರು" ಎಂದರು.

"ನಿಮ್ಮದೇ ತಪ್ಪು ಹವಾಲ್ದಾರ್ ಸಾಬ್. ಎರಡು ದಿನ ತಡೀಲಿಕ್ಕೆ ಆಗ್ಲಿಲ್ವಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಲ್ಲನ್ನು ಬೇರೆ ಯಾರೂ ನೋಡಲಿಲ್ಲ. ಅದು ಕಪ್ಪಗಿತ್ತು ಎಂದು ನೆನಪು. ಕಪ್ಪನ್ನು ಆಮೇಲೆ ನಾನೇ ಬಳಿದಿರಲೂಬಹುದು. ಹೊಟ್ಟೆಕಿಚ್ಚು ಮಾತ್ರ ನಿಜ. ನನ್ನಪ್ಪನ ರೋಮನ್ನು ನುಂಗಿದ ಆ ಸಮುದ್ರದ ಮೇಲೆ, ಅದಕ್ಕಿಂತ ಹೆಚ್ಚಾಗಿ, ನನಗೆ ಸಿಗದ ಅಪ್ಪನನ್ನು ವಾರವಾರವೂ ಪಡೆಯುತ್ತಿದ್ದ ಆ ಪಕ್ಕದ ಮನೆಯವರ ಮೇಲೆ.

ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಪಾಪ, ಪಾಸ್ಕಲ್ ನಾರ್ಮಂಡೀಲಿ ಅವತ್ತೆಲ್ಲ ಹಡಗಿನ ಅಡುಗೆಮನೆ ಬಿಟ್ಟು ಮೇಲಕ್ಕೇ ಬರ್ಲಿಲ್ಲವಂತೆ ಕಣೆ. ನನಗೊಬ್ಬನಿಗೇ ಹೇಳಿದ್ದು, ಎಲ್ಲೂ ಆಡ್ಬೇಡ."

ಮುಂದಿನ ಭಾನುವಾರವೇ ನಾನು ಸಿಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಬಹುಶಃ ತಿಂಗಳುಗಟ್ಟಲೆ ಆ ಮಾತನ್ನು ಸಾಕಿಕೊಂಡಿದ್ದೆ. ಬೆಂಕಿಪೊಟ್ಟಣಗಳು ದಂಡೆ ಮುಟ್ಟುವ ಹೊತ್ತಿಗೆ ಕೇಳಿದೆ: "ಅಂಕಲ್, ಕೆಳಗೆ ಕೂತು ಆಲೂಗಡ್ಡೆ ಸುಲೀತಿದ್ದೋರು ಸಮುದ್ರ ಹೆಂಗ್ ನೋಡಿದ್ರಿ?"

ಮಕ್ಕಳು ಹೋ ಎಂದು ನಕ್ಕರು. ಪಾಸ್ಕಲ್ ಅಂಕಲ್ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು. "ಹೌದು ಮಗಾ, ನೋಡ್ಲಿಲ್ಲ. ಮೇಲಿಂದ ಬಂದವರು ಹೇಳಿದ್ದು" ಎಂದು ಪೊಟ್ಟಣಗಳನ್ನು ಒಂದೊಂದಾಗಿ ಜೇಬಿಗೆ ಹಾಕಿಕೊಂಡರು.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಮುಂದಿನ ಭಾನುವಾರ ಮನೆಯಲ್ಲೇ ಕೂತು ಸೈಕಲ್ ಒರೆಸಿದರು. ಅದರ ಮುಂದಿನ ಭಾನುವಾರವೂ. ಈಗ ನನಗೆ ಹೇಳುತ್ತಾರೆ ಎಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆ. ಅವರು ಚಕ್ರದ ಕಡ್ಡಿಗಳನ್ನೆಲ್ಲ ಒರೆಸಿ ಮುಗಿಸಿ, ಬಟ್ಟೆ ಕೊಡವಿ ಒಳಗೆ ಹೋಗುತ್ತಿದ್ದರು.

ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ನಾರ್ಮಂಡಿ ಬಂದಾಗ ಅಪ್ಪ, "ಏನು ಬರ್ದಿದಾರೆ, ಓದು" ಎಂದರು. ಓದಿದೆ: ಹಡಗುಗಳು, ದಂಡೆ, ಯುದ್ಧದ ಗತಿ ಬದಲಾಗಿದ್ದು. ರೋಮಿನ ಹೆಸರೇ ಇರಲಿಲ್ಲ. ಅವರಿಗೆ ನೋಯುತ್ತದೆ ಎಂದುಕೊಂಡೆ. ಅಪ್ಪನ ಮುಖ ಅರಳಿತ್ತು.

"ಸರಿಯಾಗೇ ಬರ್ದಿದಾರೆ. ಪಾಸ್ಕಲ್‌ಗೆ ಒಂದ್ಸಲ ಓದಿ ಹೇಳಿ ಬರ್ತೀಯಾ?"

"ನಾಳೆ ಪರೀಕ್ಷೆ ಇದೆಯಪ್ಪ" ಎಂದೆ. ಇರಲಿಲ್ಲ.

ಮರುವರ್ಷ ಪಾಸ್ಕಲ್ ಅಂಕಲ್ ಮನೆ ಮಾರಿ ಬೇಗೂರಿನ ಕಡೆ ಹೋದರು. ಸಾಮಾನಿನ ಲಾರಿ ತಿರುವು ದಾಟುವ ತನಕ ಅಪ್ಪ ಗೇಟಿನ ಹತ್ತಿರ ನಿಂತಿದ್ದರು. ಕೈಯೆತ್ತಿ ಸೆಲ್ಯೂಟ್ ಹೊಡೆದರು ಎಂದು ಬರೆಯಲು ಆಸೆಯಾಗುತ್ತದೆ. ಹೊಡೆಯಲಿಲ್ಲ. ಕೈ ಗೇಟಿನ ಮೇಲೇ ಇತ್ತು.