ಟೈರಿನ ಯಜಮಾನ

ಊಜಿತ್ಸೆ ಪಟ್ಟಣದ ಪ್ರತಿ ವಠಾರದಲ್ಲೂ ಒಬ್ಬ ಟೈರಿನ ಯಜಮಾನ ಇರುತ್ತಾನೆ. ಈ ವಠಾರದವನು ವುಕಾಶಿನ್. ಕಾರು ಓಡಿಸುವವಳು ಅವನ ಹೆಂಡತಿ ದೆಸಾಂಕಾ, ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸ್. ಟೈರು ಮಾತ್ರ ಅವನ ಖಾತೆ. ನವೆಂಬರಿನಲ್ಲಿ ಬೇಸಿಗೆಯ ಟೈರು ಬಿಚ್ಚಿ ಹಿಮದಲ್ಲಿ ಜಾರದ ಚಳಿಗಾಲದ್ದು ಹಾಕುತ್ತಾನೆ, ಏಪ್ರಿಲಿನಲ್ಲಿ ಮತ್ತೆ ಅದಲುಬದಲು. ನೆಲಮಾಳಿಗೆಯ ಹುಳಿ ಎಲೆಕೋಸಿನ ಪೀಪಾಯಿಯ ಹಿಂದಿನಿಂದ ಅವನ್ನು ಹೊತ್ತು ತರುವವಳು ದೆಸಾಂಕಾ; ಬಿಚ್ಚಿದ್ದನ್ನು ಕೂಸಿನ ಹಾಗೆ ತೊಳೆದು, ಒರೆಸಿ, ಹಳೆ ಹೊದಿಕೆ ಸುತ್ತಿಡುವವಳೂ ಅವಳೇ. ವುಕಾಶಿನ್ ಬೋಲ್ಟು ಬಿಗಿದು, ಹಣ್ಣಿನ ಸಾರಾಯಿ ರಾಕಿಯಾ ಗುಟುಕರಿಸಿ, "ಒಬ್ನೇ ಮುಗಿಸ್ದೆ ನೋಡ್ರಪ್ಪಾ" ಎಂದು ಮೂರನೇ ಮಹಡಿಗೂ ಕೇಳುವಂತೆ ಹೇಳುತ್ತಾನೆ. ಈ ಸಲ ಬೇಸಿಗೆಯ ಟೈರು ಬಿಚ್ಚುವ ಹೊತ್ತಿಗೆ ದೆಸಾಂಕಾ, "ನನ್ನ ಸೊಂಟ ಬಿದ್ದೋಯ್ತು ಮಾರಾಯ, ವರ್ಷಪೂರ್ತಿ ಓಡೋ ಒಳ್ಳೆ ಟೈರು ಹಾಕ್ಸು" ಎಂದಳು. "ಬೇಸಿಗೇಗೂ ಅದೇ, ಹಿಮಕ್ಕೂ ಅದೇ ಅಂದ್ರೆ ಅದು ಟೈರೋ, ನಿಮ್ಮಮ್ಮನ ಕೋಟೋ?" ಎಂದು ಅವನು ಒಂದು ವಾರ ಗೊಣಗಿದ. ಕೊನೆಗೆ ಇಬ್ಬರೂ ಅಂಗಡಿಗೆ ಹೋದರು. ರಸ್ತೆಯ ಮೇಲೆ ಎಲ್ಲಕ್ಕಿಂತ ಬಿಗಿ ಹಿಡಿತದ್ದೆಂದು ಅಂಗಡಿಯ ಹೆಂಗಸು ತೋರಿಸಿದ ಟೈರಿನ ಗೀರುಗಳಲ್ಲಿ ವುಕಾಶಿನ್ ಬೆರಳಾಡಿಸಿ, ಮೂಸಿ, ಅವಳ ತಲೆ ತಿಂದ. ಆಮೇಲೆ, ದೆಸಾಂಕಾ ಬಾಗಿಲ ಬಳಿಯೇ ಇದ್ದಾಳೆಂದುಕೊಂಡು, ದನಿ ತಗ್ಗಿಸಿ ಕೇಳಿದ: "ಆಸ್ಪತ್ರೆ ಇಳಿಜಾರಲ್ಲಿ, ಬೆಳಗಿನ ಜಾವ, ಒದ್ದೆ ಎಲೆ ಮೇಲೆ ನಿಲ್ಲತ್ತೇನಮ್ಮಾ ಇದು? ರಾತ್ರಿಯೆಲ್ಲಾ ರೋಗಿಗಳನ್ನ ಎತ್ತಿ ಮಲಗಿಸಿ ಬಂದಿರ್ತಾಳೆ. ಬ್ರೇಕ್ ಒತ್ತೋಕೆ ಅವಳ ಕಾಲು ಸ್ವಲ್ಪ ತಡ ಮಾಡತ್ತೆ." ಮೂವತ್ತು ವರ್ಷ ಮನೆಯೊಳಗೆ ಯಾರೂ ಆಡದಿದ್ದ ಆ ಮಾತನ್ನು ಅವನ ಬೆನ್ನ ಹಿಂದೆಯೇ ನಿಂತು ಕೇಳಿದ ದೆಸಾಂಕಾ, ಅವನು ತಿರುಗಿ ನೋಡಿ ನಾಚಿಕೊಳ್ಳದಿರಲೆಂದು, ಸದ್ದಿಲ್ಲದೆ ಬಾಗಿಲಿಗೆ ಹಿಂದಿರುಗಿದಳು.