ಮದುಮಗಳಿಗೆ ಮಾತ್ರ ಬಣ್ಣ

ಒಂದು ಕಡೆ ಕೂತಲ್ಲಿ ಕೂರುವ ಜನ್ಮ ನನ್ನದಲ್ಲ. ಇವನು ಮಗ್ಗದ ಗುಂಡಿಯಲ್ಲಿ ಅರ್ಧ ಗಂಟೆಯೂ ನಿಲ್ಲುವವನಲ್ಲ ಎಂದು ಗೊತ್ತಾದ ಮೇಲೆಯೇ ಅಪ್ಪ ನನ್ನನ್ನು ಸೇಲಂನ ಒಂದು ಫೋಟೋ ಸ್ಟುಡಿಯೋಗೆ ಸೇರಿಸಿದ್ದು. ಅಲ್ಲಿ ಸಿಕ್ಕಿದ್ದು ಮದುವೆ ಆಲ್ಬಮ್ ಮಾಡುವ ಕೆಲಸ, ಅದೂ ಕಂಪ್ಯೂಟರ್ ಮುಂದೆ ದಿನವಿಡೀ ಕೂತು! ನನ್ನ ಹಣೆಬರಹ. ಹತ್ತು ನಿಮಿಷಕ್ಕೊಮ್ಮೆ ಎದ್ದು ಬಾಗಿಲ ತನಕ ಹೋಗಿ ಬರದಿದ್ದರೆ ನನಗೆ ಕೈಕಾಲು ಆಡುವುದಿಲ್ಲ.

ಈಗೀಗ ಗಿರಾಕಿಗಳು ತಪ್ಪದೆ ಕೇಳುವುದು ಒಂದೇ: ಆಲ್ಬಮ್ಮಿನ ಮುಖಪುಟದಲ್ಲಿ ಮದುಮಗಳು ಮಾತ್ರ ಬಣ್ಣದಲ್ಲಿರಬೇಕು, ಸುತ್ತ ಇರುವವರೆಲ್ಲ ಕಪ್ಪು ಬಿಳುಪು. ಮೊದಲು ಇಡೀ ಫೋಟೋದ ಬಣ್ಣ ಇಳಿಸುತ್ತೇನೆ. ಆಮೇಲೆ ಹುಡುಗಿಯ ಅಂಚು ಹಿಡಿದುಕೊಂಡು ಹೂವು, ಸೀರೆ, ಬೆರಳ ತುದಿಯವರೆಗೂ ಬಣ್ಣ ವಾಪಸ್ಸು ಕೊಡುತ್ತೇನೆ. ಚೆನ್ನಾಗಿ ಮಾಡುತ್ತೇನೆ ಎಂಬ ಜಂಬ ನನಗಿದೆ. ಪಾಪಿರೆಡ್ಡಿಪಟ್ಟಿಯಂಥ ದೂರದ ಊರಿಂದ ಕೂಡ ನನ್ನನ್ನೇ ಕೇಳಿಕೊಂಡು ಬರುತ್ತಾರೆ.

ತಂಗಿಯ ಮದುವೆ ಆಲ್ಬಮ್ಮನ್ನೂ ಹಾಗೆಯೇ ಮಾಡಿಬಿಟ್ಟೆ. ಯೋಚನೆಯೇ ಮಾಡಲಿಲ್ಲ, ಕೈ ತನ್ನಷ್ಟಕ್ಕೆ ಓಡಿತು.

ಅಪ್ಪ ಹೋದಂದಿನಿಂದ ಅವ್ವ ಮಾಸಲು ಬಣ್ಣ ಬಿಟ್ಟು ಬೇರೆ ಉಟ್ಟವಳಲ್ಲ. ಊರವರ ಮದುವೆ ಸೀರೆಗಳನ್ನೆಲ್ಲ ನೇಯುತ್ತಾಳೆ, ತಾನು ಮಾತ್ರ ಬೂದಿ ಬಣ್ಣದ್ದೊಂದನ್ನು ಸುತ್ತಿಕೊಂಡು ಹಿಂದೆ ನಿಲ್ಲುತ್ತಾಳೆ. ತಂಗಿ ಹಠ ಹಿಡಿದಳು. ಅವ್ವನೇ ನೇಯ್ದ ಕಡುನೇರಳೆ ಸೀರೆಯನ್ನು ಮುಂದಿಟ್ಟು, "ಇದ್ನ ಉಟ್ಕಂಡು ನನ್ ಪಕ್ಕ ನಿಂತ್ರೇನೇ ನಾನು ಮಣೆ ಮ್ಯಾಲೆ ಕೂರೋದು" ಅಂದಳು. ದೊಡ್ಡಮ್ಮಂದಿರು ಮೂಗು ಮುರಿದರು. "ತಾಳಿ ಇಲ್ದೋಳ್ಗೆ ಈ ಬಣ್ಣ ಬೇಕಾ?" ಎಂದು ಅವ್ವನ ಕಿವಿಗೆ ಬೀಳುವಂತೆಯೇ ಅಂದರು. ಅವ್ವ ಆದರೂ ಉಟ್ಟಳು. ತಂಗಿಯ ಕೈ ಹಿಡಿದು ವೇದಿಕೆಯ ಮೇಲೆ ನಿಂತಳು. ಮುಖಪುಟಕ್ಕೆ ನಾನು ಆರಿಸಿದ್ದು ಆ ಫೋಟೋವನ್ನೇ.

ಆಲ್ಬಮ್ ಮನೆಗೆ ತಂದ ದಿನ ಅವ್ವ ಅದನ್ನು ಎತ್ತಿಕೊಂಡು ಹೊಸ್ತಿಲಿನ ಬೆಳಕಿಗೆ ಹೋದಳು. ಬಣ್ಣದ ನೂಲು ಬಂದರೆ ನಮ್ಮವರು ಹಾಗೇ ಮಾಡುವುದು, ಮನೆಯೊಳಗಿನ ಬೆಳಕನ್ನು ನೇಕಾರರು ನಂಬುವುದಿಲ್ಲ. ಬಿಸಿಲಲ್ಲಿ ತಂಗಿಯ ಸೀರೆ ಕೆಂಪಗೆ ಹೊಳೆಯಿತು. ಪಕ್ಕದಲ್ಲಿ ಅವ್ವ ಬೂದಿಯಾಗಿದ್ದಳು.

"ಒಳ್ಳೇದ್ ಮಾಡ್ದೆ ಕಣಪ್ಪಾ" ಅಂದಳು. "ನೋಡೋರ್ ಬಾಯಿಗೆ ಬೀಳೋದು ತಪ್ತು."

ನಾನು ಬಗ್ಗಿ ಮುಖಪುಟ ನೋಡಿದೆ.

"ಅವ್ವಾ, ಅದು ಸ್ಟೈಲು. ಎಲ್ರಿಗೂ ಅಂಗೇ ಮಾಡ್ತೀವಿ."

"ಪರವಾಯಿಲ್ಲ ಬಿಡು. ನಾನೇನ್ ಬೈದ್ನಾ? ನೀನೂ ಅವ್ರ ಪೈಕೀನೇ ಅಂತ ಗೊತ್ತಿರ್ಲಿಲ್ಲ, ಅಷ್ಟೇ."

ನಾನು ಉಣ್ಣದೆ ಸ್ಟುಡಿಯೋಗೆ ಓಡಿದೆ. ಅವ್ವನ ಅಂಚು ಹಿಡಿದು ನೇರಳೆಯನ್ನು ವಾಪಸ್ಸು ತರಲು ಕಾಲು ಗಂಟೆ ಸಾಕಾಯಿತು. ಮುಖಪುಟ ಮತ್ತೆ ಅಚ್ಚಾಗಿ ಬರಲು ನಾಲ್ಕು ದಿನ. ಆ ನಾಲ್ಕು ದಿನ ನಾನು ಮನುಷ್ಯನಾಗಿರಲಿಲ್ಲ. ಪ್ರಿಂಟಿನವನಿಗೆ ಗಂಟೆಗೊಂದು ಫೋನ್. ಟೀ ಅಂಗಡಿಗೆ ಹೋಗುವುದು, ಅರ್ಧ ಗ್ಲಾಸು ಬಿಟ್ಟು ಬರುವುದು. ಅವ್ವನಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಮನೆಗೆ ಹೋದರೆ ಅವಳು ತಲೆ ತಗ್ಗಿಸಿ ಮಗ್ಗದಲ್ಲಿರುತ್ತಿದ್ದಳು. ನಾನು ಬಾಗಿಲಿಂದಲೇ ಹಿಂದಕ್ಕೆ ತಿರುಗುತ್ತಿದ್ದೆ.

ಭಾನುವಾರ ಹೊಸ ಆಲ್ಬಮ್ ಹಿಡಿದು ಇಬ್ಬರೂ ಪಾಲಕೋಡಿಗೆ ಹೊರಟೆವು, ತಂಗಿಯ ಮನೆಗೆ. ಬಸ್ಸಿನಲ್ಲಿ ಅವಳ ತೊಡೆಯ ಮೇಲಿಟ್ಟು "ನೋಡವ್ವಾ" ಅಂದೆ. "ಅಲ್ಲೋಗಿ ನೋಡಾನ ಬಿಡು" ಎಂದು ಕಿಟಕಿಯ ಕಡೆ ತಿರುಗಿದಳು. ಧರ್ಮಪುರಿ ಬರುವಷ್ಟರಲ್ಲಿ ನಾನು ಮೂರು ಸಲ ಸೀಟು ಬದಲಾಯಿಸಿದ್ದೆ.

ತಂಗಿ ಮುಖಪುಟ ನೋಡಿ ಅವ್ವನನ್ನು ತಬ್ಬಿಕೊಂಡಳು. ಅವ್ವನೂ ಬಗ್ಗಿ ನೋಡಿದಳು. ನೇರಳೆ ಸೀರೆಯ ಮೇಲೆ ಬೆರಳಿಟ್ಟು, ಅಂಚಿನವರೆಗೂ ಸವರಿದಳು. ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದಳು. ಮದುವೆಗೆ ಬರಲಾಗದವಳು. ಆಲ್ಬಮ್ಮನ್ನು ಕಣ್ಣಿನ ಹತ್ತಿರ ಹಿಡಿದು, "ಏನವ್ವಾ, ನೀನು ಇಂತಾ ಬಣ್ಣ ಉಟ್ಟಿದ್ಯಾ?" ಎಂದಳು.

ಅವ್ವ ಬೆರಳು ಹಿಂದಕ್ಕೆಳೆದುಕೊಂಡಳು.

"ಇಲ್ಲ ಕಣಜ್ಜೀ. ನಾನ್ ಉಟ್ಟಿದ್ದು ಮಾಸಲ್ದೇ. ನನ್ ಮಗ ಕಂಪ್ಯೂಟರ್‌ನಾಗೆ ಬಣ್ಣ ಆಕವ್ನೆ. ಅವ್ನ್ ಕೆಲ್ಸಾನೇ ಅದು."

ತಂಗಿ ಬಾಯಿ ತೆರೆದಳು, ಅವ್ವ ಅವಳ ಮೊಣಕೈ ಒತ್ತಿದಳು. ಅಜ್ಜಿ ನನ್ನ ಕಡೆ ತಿರುಗಿ "ಅಂಗೇನ್ಲಾ?" ಎಂದಳು. ಅವ್ವ ನನ್ನನ್ನೇ ನೋಡುತ್ತಿದ್ದಳು.

"ಊಂ ಅಜ್ಜೀ" ಅಂದೆ. "ನಾನೇ ಆಕಿದ್ದು."