ಪಾರಿಸಪ್ಪ ಸುಳ್ಳು ಬಿಟ್ಟ ನಾಲ್ಕು ತಿಂಗಳು

ಚಿಮ್ಮಡದ ಹಿಟ್ಟಿನ ಗಿರಣಿ ಪಾರಿಸಪ್ಪನಿಗೆ ಬಿಡುವುದಕ್ಕೆ ಏನೂ ಉಳಿದಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಚಾತುರ್ಮಾಸಕ್ಕೆಂದು ತೇರದಾಳದ ಬಸದಿಯಲ್ಲಿ ಜೈನ ಮುನಿಗಳು ತಂಗಿದ್ದರು. ಹೋದವರೆಲ್ಲ ಅವರೆದುರು ನಾಲ್ಕು ತಿಂಗಳಿಗೆ ಏನಾದರೊಂದನ್ನು ಬಿಡುವ ನೇಮ ಹಿಡಿಯುತ್ತಿದ್ದರು. ಈ ಮಹರಾಯ ಬಟಾಟಿ, ಉಳ್ಳಾಗಡ್ಡಿ, ರಾತ್ರಿ ಊಟ ಎಲ್ಲ ಎಂದೋ ಬಿಟ್ಟವನು. ಸಿಹಿಯನ್ನು ಡಾಕ್ಟರೇ ಬಿಡಿಸಿದ್ದರು. ಹಾಗಾದರೆ ಸುಳ್ಳು ಬಿಡು ಎಂದರು ಮುನಿಗಳು. ದೀಪಾವಳಿ ಅಮಾವಾಸ್ಯೆಯ ತನಕ ತಾನೆ, ಬಟಾಟಿಗಿಂತ ಸುಲಭ ಎಂದುಕೊಂಡು ಇವನು ಕೈಮುಗಿದು ಬಂದ.

ಅಯ್ಯೋ, ಗಿರಣಿ ಕರೆಂಟಿನಿಂದ ನಡೆಯುತ್ತದೆಂದು ಯಾರು ಹೇಳಿದರು? ಐದು ಮಿನಿಟು ಕೂಡ್ರಿ ಎಂಬ ಮಾತಿನಿಂದ ನಡೆಯುತ್ತದೆ. ಇಪ್ಪತ್ತೈದು ವರ್ಷ ಅವನು ಆ ಗದ್ದಲದಲ್ಲಿ ಎಲ್ಲ ಪಕ್ಷದವರಿಗೂ ನಿಮ್ಮವನೇ ಆರಿಸಿ ಬರುತ್ತಾನೆ ಎಂದು ತಲೆಯಾಡಿಸಿದ್ದ. ಈಗ ಮುಕ್ಕಾಲು ತಾಸು ಹಿಡಿಯುತ್ತದೆ, ನಿಮ್ಮ ಜೋಳದಲ್ಲಿ ನುಸಿ ಇದೆ, ನಿಮ್ಮ ಪಕ್ಷದ ಬಗ್ಗೆ ನನಗೇನೂ ಗೊತ್ತಿಲ್ಲ ಎನ್ನತೊಡಗಿದ. ಪಾರಿಸಪ್ಪನಿಗೆ ಸೊಕ್ಕು ಬಂದಿದೆ ಎಂದರು ಜನ.

ಅಷ್ಟರಲ್ಲಿ ಪಂಚಾಯಿತಿಯ ಒಂದು ಸೀಟಿಗೆ ಉಪಚುನಾವಣೆ ಬಂತು. ನಿಂತವಳು ಯಾರು? ಇವನ ಹೆಂಡತಿ ಕಮಲಾಬಾಯಿ! ಓಣಿಯ ಗಟಾರಕ್ಕಾಗಿ ಹನ್ನೆರಡು ವರ್ಷ ಅರ್ಜಿ ಬರೆದು ಬೇಸತ್ತು, ತಾನೇ ಒಳಗೆ ಹೋಗಿ ಕೂರುತ್ತೇನೆಂದು ನಿಂತಿದ್ದಳು. ಆ ಸೀಟೆಂದರೆ ಅವಳಿಗೆ ಜೀವ. ಆರು ತಿಂಗಳಲ್ಲಿ ಗಟಾರ ಕಟ್ಟಿಸುತ್ತೇನೆಂದು ಮನೆಮನೆಗೂ ಹೇಳಿ ಬಂದಳು. ಗಿರಣಿಗೆ ಬಂದವರು ಇದು ಖರೆಯೇ ಎಂದು ಗಂಡನನ್ನು ಕೇಳಿದರು. ಆಕೆಗೆ ಮನಸ್ಸಿದೆ, ಆರು ತಿಂಗಳಲ್ಲಂತೂ ಆಗುವುದಿಲ್ಲ ಎಂದ ಪುಣ್ಯಾತ್ಮ.

ಎದುರಾಳಿ ಮಲಕಾಜಪ್ಪನೂ ಜೋಳ ಬೀಸಿಸಲು ಅಲ್ಲಿಗೇ ಬಂದ. ಗೆದ್ದರೆ ಏನು ಮಾಡುತ್ತೀ ಎಂದು ಪಾರಿಸಪ್ಪ ಕೇಳಿದ.

"ನನ್ನ ಕಡಿಂದ ಏನೂ ಆಗೂದಿಲ್ಲ ಪಾರಿಸಣ್ಣ. ಮನ್ಯಾಗ ಕುಂತು ಬ್ಯಾಸರಾಗಿತ್ತು, ನಿಂತೇನಿ."

ಪಾರಿಸಪ್ಪನ ಕಣ್ಣಲ್ಲಿ ನೀರು ಬಂತು. ಇಡೀ ಚುನಾವಣೆಯಲ್ಲಿ ಅವನ ಕಿವಿಗೆ ಬಿದ್ದ ಖರೆ ಮಾತು ಅದೊಂದೇ.

ಮತ ಹಾಕುವ ದಿನ ಮತಪತ್ರದೆದುರು ಮುದ್ರೆ ಹಿಡಿದು ನಿಂತೇಬಿಟ್ಟ. ಹೆಂಡತಿಯ ಚಿಹ್ನೆ ಹೊಲಿಗೆ ಯಂತ್ರ, ಮಲಕಾಜಪ್ಪನದು ತೆಂಗಿನಕಾಯಿ. ಮತವೂ ಒಂದು ಮಾತೇ ಅಲ್ಲವೇ? ಹೊಲಿಗೆ ಯಂತ್ರಕ್ಕೆ ಒತ್ತಿದರೆ ಆರು ತಿಂಗಳಲ್ಲಿ ಗಟಾರ ಆಗುತ್ತದೆಂದು ತಾನೂ ಹೇಳಿದಂತೆ. ತೆಂಗಿನಕಾಯಿಗೆ ಒತ್ತಿದರೆ ಏನೂ ಆಗುವುದಿಲ್ಲ ಎಂದಂತೆ. ಹೊರಗೆ ಸಾಲು ಬೆಳೆಯಿತು, ಒಳಗೆ ಅಧಿಕಾರಿ ಎರಡು ಸಲ ಕೆಮ್ಮಿದ. ಬೆವರುತ್ತಲೇ ತೆಂಗಿನಕಾಯಿಗೆ ಒತ್ತಿ ಬಂದ.

ಅಮಾವಾಸ್ಯೆಗೆ ಒಂದು ದಿನ ಉಳಿದಿರುವಾಗ ಎಣಿಕೆಯಾಯಿತು. ಕಮಲಾಬಾಯಿ ಒಂದೇ ಒಂದು ಮತದಿಂದ ಸೋತಳು. ಓಣಿಯವರೆಲ್ಲ ಬಂದು ನಾವು ನಿನಗೇ ಹಾಕಿದ್ದು ಎಂದು ಆಣೆ ಮಾಡಿದರು. ಅನುಮಾನ ಹೋಗಿ ಕೂತದ್ದು ಪಕ್ಕದ ಮನೆಯ ಶಂಕ್ರೆವ್ವನ ಮೇಲೆ. ಪಾಪ, ಅವಳು ಮಲಕಾಜಪ್ಪನಿಗೆ ದೂರದ ಸಂಬಂಧಿ. ಇಪ್ಪತ್ತು ವರ್ಷ ಜೊತೆಗೆ ಕೂತು ಹಪ್ಪಳ ಲಟ್ಟಿಸಿದ ಗೆಳತಿಗೆ ಕಮಲಾಬಾಯಿ ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದುಬಿಟ್ಟಳು. ಶಂಕ್ರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಹೊರಟಳು.

ಸುಮ್ಮನಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ, ನೇಮವೂ ಮುರಿಯುವುದಿಲ್ಲ. ಪಾರಿಸಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಎದ್ದು ನಿಂತ.

"ಆಕಿನ್ನ ಬಿಡು. ಮಲಕಾಜಪ್ಪಗ ಹಾಕಿದಾಂವ ನಾ."

ಕಮಲಾಬಾಯಿ ಬಾಗಿಲಿಗೆ ಹೋಗಿ ಶಂಕ್ರೆವ್ವನ ಕೈ ಹಿಡಿದು ಒಳಗೆ ಕರೆತಂದು ಕೂರಿಸಿದಳು.

"ನಿಮ್ಮ ನೇಮ ಯಾವಾಗ ಮುಗೀತೈತ್ರಿ?" ಎಂದು ಗಂಡನನ್ನು ಕೇಳಿದಳು.

"ನಾಳಿ ಮುಂಜಾನಿ. ಬಸದ್ಯಾಗ ಪೂಜಿ ಆದ ಮ್ಯಾಲ."

"ಹಂಗಾರ ಯಾರಿಗೆ ಹಾಕಿದ್ರಿ ಅಂತ ನಾಳಿ ಕೇಳ್ತೇನಿ," ಎಂದಳು. ಅವಳ ಕಣ್ಣು ತುಂಬಿತ್ತು. "ಆವಾಗ ನಿನಗ ಹಾಕೇನಿ ಅಂತ ಹೇಳ್ರಿ."